ಒಬ್ಬಳನ್ನು ಹುಡುಕಿ ಬಂದ ಹೆಲಿಕಾಪ್ಟರಿಗೆ ಮೂವರು ತಾಯಂದಿರ ಅಹವಾಲು

ಗಗನಸಂಚಾರಿಗಳೂ ಆರು ಗಂಟೆಯ ಸುದ್ದಿಯ ದಿವ್ಯನೇತ್ರರೂ ಆದ ಹೆಲಿಕಾಪ್ಟರ್ ಮಾನ್ಯರೇ,

ಸಸ್ಕ್ಯಾಚೆವಾನ್ ನದಿಯ ದಂಡೆಯ ಕ್ರೀ ಎಂಬ ಮೂಲನಿವಾಸಿಗಳ ಮೀಸಲು ನೆಲವಾದ ರಿಸರ್ವಿನಿಂದ ಬರ್ನಿಸ್ ವೈಟ್‌ಕಾಫ್ ಎಂಬ ನಾನು ಮಾಡುವ ವಂದನೆಗಳು. ತಮ್ಮ ರೆಕ್ಕೆಗಳು ಕ್ಷೇಮವೆಂದೂ ಎಣ್ಣೆಗೆ ಕೊರತೆಯಿಲ್ಲವೆಂದೂ ನಂಬಿದ್ದೇನೆ. ತಮ್ಮ ವಾಹಿನಿಯ ಸಂಪಾದಕರಿಗೆ ಬರೆದು ಬರೆದು ಕೈ ಸೋತಿತು, ಉತ್ತರ ಬರಲಿಲ್ಲ. ಆ ಮನೆತನದಲ್ಲಿ ನಮ್ಮ ಊರಿನ ಮೇಲೆ ಹಾದುಹೋದವರು ತಾವೊಬ್ಬರೇ ಆದ್ದರಿಂದ, ಅದೂ ನಮ್ಮ ನಾಯಿಗಳೆಲ್ಲ ಮಂಚದಡಿ ಸೇರುವಷ್ಟು ಸದ್ದು ಮಾಡಿ ಹೋದದ್ದರಿಂದ, ಈ ಅಹವಾಲನ್ನು ನೇರ ತಮಗೇ ಸಲ್ಲಿಸುತ್ತಿದ್ದೇನೆ.

ನಮ್ಮ ಮಗಳು ರೋಶೆಲ್ ಸೆಪ್ಟೆಂಬರಿನಲ್ಲಿ ಕೆಲಸ ಮುಗಿಸಿ ತನ್ನ ನೀಲಿ ಕಾರಿನಲ್ಲಿ ಮನೆಗೆ ಹೊರಟವಳು ಬಂದು ಮುಟ್ಟಲಿಲ್ಲ. ಠಾಣೆಯವರು, "ಹರೇದ ಹುಡುಗಿ, ಎಲ್ಲೋ ಸುತ್ತೋಕೆ ಹೋಗಿರ್ತಾಳೆ, ಬರ್ತಾಳೆ ಬಿಡಮ್ಮ" ಎಂದರು. ತಮ್ಮ ವಾಹಿನಿಯು ಹವಾಮಾನಕ್ಕೂ ಹಾಕಿ ಪಂದ್ಯಕ್ಕೂ ನಡುವಿನ ಸಂದಿಯಲ್ಲಿ ಅವಳ ಹೆಸರನ್ನು ಓದಿ, ಅವಳು 'ಪೊಲೀಸರಿಗೆ ಪರಿಚಿತಳು' ಎಂದು ಸೇರಿಸಿತು. ಅದು ಅಕ್ಷರಶಃ ಸತ್ಯ. ಠಾಣೆಯ ಪಕ್ಕದ ಡೋನಟ್ ಅಂಗಡಿಯಲ್ಲಿ ದಿನಾ ಬೆಳಗ್ಗೆ ಅವರಿಗೆಲ್ಲ ಕಾಫಿ ಕೊಡುತ್ತಿದ್ದವಳು ಅವಳೇ; ಯಾರಿಗೆ ಸಕ್ಕರೆ ಹೆಚ್ಚು, ಯಾರಿಗೆ ಹಾಲು ಬೇಡ ಎಂಬುದೆಲ್ಲ ಅವಳಿಗೆ ಬಾಯಿಪಾಠ.

ಒಮ್ಮೆ ತಮ್ಮ ವರದಿಗಾರರು ಫೋನು ಮಾಡಿದರೆಂಬುದನ್ನು ಕೃತಜ್ಞತೆಯಿಂದ ನೆನೆಯುತ್ತೇನೆ. ತಾಯಿ ಯಾರೆಂದು ಕೇಳಿದರು. ನಾನು, ನಾನೇ ಎಂದೆ. ಅವಳನ್ನು ಹೆತ್ತ ನನ್ನ ತಂಗಿ ಲೊರೇನ್ ಫೋನು ಇಸಿದುಕೊಂಡು, ನಾನೇ ಎಂದಳು. ಕಿರಿಯವಳು ವರ್ನಾ ಕೂಡ ಹಾಗೇ ಎಂದಳು. ನಮ್ಮಲ್ಲಿ ಅಕ್ಕತಂಗಿಯರ ಮಕ್ಕಳಿಗೆ ಎಲ್ಲರೂ ಅಮ್ಮಂದಿರೇ. ದೊಡ್ಡಮ್ಮ, ಚಿಕ್ಕಮ್ಮ ಎಂದರೂ ಅದರಲ್ಲಿ ಅಮ್ಮ ಇದ್ದೇ ಇರುತ್ತಾಳೆ. ವರದಿಗಾರರು ಬೇಸತ್ತು, "ಒಂದು ಹುಡುಗಿಗೆ ಮೂರು ಜನ ಅಮ್ಮಂದಿರಾ? ಮೊದಲು ನೀವು ನೀವೇ ಕೂತು ತೀರ್ಮಾನ ಮಾಡ್ಕೊಳ್ರಿ, ಆಮೇಲೆ ನೋಡೋಣ" ಎಂದರು. ವರ್ನಾ ಸುಮ್ಮನಿರುವವಳಲ್ಲ. "ಮೂರು ಜನ ಅಳ್ತಿದೀವಲ್ಲಪ್ಪ, ಮೂರು ಪಟ್ಟು ಬೇಗ ತೋರಿಸು" ಎಂದುಬಿಟ್ಟಳು. ಮನೆಯವರ ಹೇಳಿಕೆಗಳಲ್ಲಿ ಹೊಂದಾಣಿಕೆ ಇಲ್ಲವೆಂಬ ಕಾರಣಕ್ಕೆ ಸುದ್ದಿಯನ್ನು ಕೈಬಿಟ್ಟರಂತೆ. ತಾಯಂದಿರು ಹೆಚ್ಚಾದ ತಪ್ಪಿಗೆ ಮಗಳು ಟೀವಿಯಿಂದಲೂ ಕಾಣೆಯಾದಳು.

ಅಕ್ಟೋಬರಿನಲ್ಲಿ ಪಟ್ಟಣದ ಹ್ಯಾನಾ ಲಿಂಡ್‌ಸ್ಟ್ರಾಮ್ ಎಂಬ ಹೊಂಬಣ್ಣದ ಕೂದಲಿನ ಹೆಣ್ಣುಮಗಳು ಹುಟ್ಟುದೋಣಿಯಲ್ಲಿ ಹೊರಟು ಕಾಣೆಯಾದಾಗ ತಮ್ಮ ನಿಜವಾದ ಪರಾಕ್ರಮವನ್ನು ಕಂಡೆವು. ಆಕೆ ಒಳಗೆ ಬಂದರೆ ಕೋಣೆಯೇ ಬೆಳಗುತ್ತಿತ್ತು ಎಂದು ತಮ್ಮವರು ಹಗಲೂ ರಾತ್ರಿ ಹೇಳಿದರು. ಆಕೆಯ ಬೆಕ್ಕನ್ನೂ ಸಂದರ್ಶಿಸಿದರು. ನಾವೂ ಸೂಪಿನ ಹಂಡೆ, ಬ್ಯಾನಕ್ ರೊಟ್ಟಿ ಹೊತ್ತು ದಂಡೆಗೆ ಹೋದೆವು; ದಂಡೆ ಹುಡುಕುವುದು ಅಷ್ಟರಲ್ಲಿ ನಮಗೆ ರೂಢಿಯಾಗಿತ್ತು, ಮೇಲಾಗಿ ಆಕೆಗೂ ಒಬ್ಬ ತಾಯಿಯಿದ್ದಳು, ಪಾಪ, ಒಬ್ಬಳೇ. ನಮ್ಮ ಅಂಗಿಗಳ ಮೇಲೆ ರೋಶೆಲ್‌ಳ ಚಿತ್ರವಿತ್ತು. ತಮ್ಮ ಕ್ಯಾಮೆರಾದವರು ಬಂದು, "ಅಕ್ಕೋರೆ, ಸ್ವಲ್ಪ ಜಾಕೆಟ್ ಜಿಪ್ ಹಾಕ್ಕೊಳ್ಳಿ, ನೋಡೋರಿಗೆ ಗೊಂದಲ ಆಗತ್ತೆ" ಎಂದು ವಿನಯದಿಂದ ಕೇಳಿಕೊಂಡರು. ಚಳಿಯೂ ಇತ್ತು, ಹಾಕಿಕೊಂಡೆವು. ನಡುಗಡ್ಡೆಯಲ್ಲಿ ಕಾಲು ಉಳುಕಿ ಕೂತಿದ್ದ ಹ್ಯಾನಾಳ ಕೂಗು ಮೊದಲು ಕೇಳಿಸಿದ್ದು ವರ್ನಾಳಿಗೆ. ಪತ್ತೆ ಮಾಡಿದ ಕೀರ್ತಿ ತಮಗೆ ಸಂದಿತು. ಹೊಟ್ಟೆಕಿಚ್ಚಿಲ್ಲ. ಒಬ್ಬಳಾದರೂ ಮನೆ ಸೇರಿದಳು.

ಅಷ್ಟು ಎತ್ತರದಿಂದ ಕೂದಲ ಬಣ್ಣ ತಿಳಿಯುವ ದೃಷ್ಟಿ ಹದ್ದಿಗೂ ಇಲ್ಲ. ಆದ್ದರಿಂದ ಕೆಲವು ಬಿನ್ನಹಗಳು. ಕಾಣೆಯಾದವಳೆಂದು ನಾವು ಅಂಟಿಸಿದ ಭಿತ್ತಿಪತ್ರದಲ್ಲಿ ರೋಶೆಲ್‌ಳ ಕೂದಲಿಗೆ ಹಳದಿ ಬಳಿಯಲು ನಾವು ಸಿದ್ಧ. ತಮಗೆ ಒಪ್ಪಿಗೆಯಾಗುವ ಛಾಯೆ ಯಾವುದೆಂದು ತಿಳಿಸಬೇಕು. ತಾಯಂದಿರಲ್ಲಿ ಇಬ್ಬರು ಬಾಯಿ ಮುಚ್ಚಿಕೊಂಡಿರಬೇಕೆಂದರೆ ಚೀಟಿ ಎತ್ತುತ್ತೇವೆ, ಆದರೆ ವರ್ನಾಳ ಬಗ್ಗೆ ಖಾತರಿ ಕೊಡಲಾರೆ. ಬೆಕ್ಕು ನಮ್ಮಲ್ಲಿಲ್ಲ, ಬೇಕಾದರೆ ನಾಯಿಗಳನ್ನು ಮಂಚದಡಿಯಿಂದ ಹೊರಗೆಳೆದು ಮಾತಾಡಿಸುತ್ತೇವೆ.

ಕಡೆಯದೊಂದು ಬಿನ್ನಹವಿದೆ, ಅದಕ್ಕೆ ಬಣ್ಣ ಬಳಿದಿಲ್ಲ. ಪಾಪ್ಲರ್ ತೋಪುಗಳ ಎಲೆ ಈಗ ಉದುರಿದೆ, ಹಿಮ ಇನ್ನೂ ಬಿದ್ದಿಲ್ಲ. ನದಿಯ ತಿರುವಿನಿಂದ ಊರಿನವರೆಗಿನ ತಗ್ಗುಗಳಲ್ಲಿ ನೀಲಿ ಕಾರೊಂದಿದ್ದರೆ ಮೇಲಿನಿಂದ ಕಾಣುವುದು ಈ ಕೆಲವೇ ದಿನಗಳಲ್ಲಿ ಮಾತ್ರ. ನಡೆದು ಹುಡುಕಿದ್ದು ಸಾಲದು. ನಮಗೆ ಕಾಲುಗಳಿವೆ, ರೆಕ್ಕೆಗಳಿಲ್ಲ. ಹಿಮ ಬಿದ್ದರೆ ವಸಂತದವರೆಗೆ ಮಗಳು ಎಲ್ಲಿದ್ದಾಳೆಂದು ಕೇಳಲೂ ದಾರಿಯಿಲ್ಲ.

ಕೆಲಸದ ನಡುವೆ ಈಚೆ ತಿರುಗುವಿರೆಂದು ನಂಬಿರುವ,
ತಮ್ಮ ವಿಶ್ವಾಸಿ,
ಬರ್ನಿಸ್ ವೈಟ್‌ಕಾಫ್
(ಲೊರೇನ್ ಮತ್ತು ವರ್ನಾ ಪರವಾಗಿಯೂ)

ತಾ.ಕ.: ಹ್ಯಾನಾ ಮೊನ್ನೆ ಮನೆಗೆ ಬಂದಿದ್ದಳು. ನಮ್ಮ ಮಗಳ ವಿಷಯವೆಲ್ಲ ಕೇಳಿ ತಿಳಿದಳು. ಆಮೇಲೆ, "ದೊಡ್ಡಮ್ಮ, ನಾನು ಇನ್ನೊಂದ್ಸಲ ಕಾಣೆಯಾಗ್ಲಾ?" ಎಂದಳು. ನಾವು ಬೇಡವೆಂದೆವು; ಕೇಳುವ ಹುಡುಗಿಯಲ್ಲ. ಶನಿವಾರ ಮಧ್ಯಾಹ್ನ ನದಿಯ ತಿರುವಿನ ಬಳಿ, ಬಿಸಿ ಚಹಾದೊಂದಿಗೆ, ಆಕೆ ಕಾಣೆಯಾಗುತ್ತಾಳೆ. ತಾವು ತಪ್ಪದೆ ಬನ್ನಿ. ಹುಡುಕುವಾಗ ಮೊದಲು ಬೇರೊಬ್ಬಳು ಕಣ್ಣಿಗೆ ಬಿದ್ದರೆ, ತಪ್ಪು ಹುಡುಗಿಯೆಂದು ಮುಂದಕ್ಕೆ ಹಾರಿಬಿಡಬೇಡಿ.