ಎಡತುದಿಯ ಕಾಕಾ

ಚೆಂಡಿಗಾಗಿ ನಮ್ಮ ಕಾಕಾನಷ್ಟು ಕೂಗಿದವರು ಇಡೀ ನಿಜಾಮ ಸಂಸ್ಥಾನದಲ್ಲಿ ಇನ್ನೊಬ್ಬರಿಲ್ಲ. ಅಷ್ಟು ಕೂಗಿಯೂ ಅವರಷ್ಟು ಕಡಿಮೆ ಚೆಂಡು ಸಿಕ್ಕವರೂ ಇನ್ನೊಬ್ಬರಿಲ್ಲ! ನಲವತ್ತು ದಾಟಿದ ವಯಸ್ಸು, ಶಹಾಬಾದಿನ ಶಾಲೆಯಲ್ಲಿ ಮಾಸ್ತರಿಕೆ, ಹಣೆಯಲ್ಲಿ ನಾಮ. ಕಚ್ಚೆ ಬಿಗಿದರೆ ಫುಟ್‌ಬಾಲ್ ಆಟಗಾರರು. ಆದರೆ ಚೆಂಡಿಗೆ ತಲೆ ಕೊಡುವವರಲ್ಲ. ನಾಮ ಅಳಿಸಿಹೋದರೆ?

ಅವರ ಜಾಗ ಎಡತುದಿ. ನಮ್ಮ ಮೈದಾನದ ಆ ಅಂಚಿನಲ್ಲಿ ಮಣ್ಣೇ ಇಲ್ಲ, ಬರೀ ಫರಸಿಕಲ್ಲು. ಬರಿಗಾಲಿನಲ್ಲಿ ಆಡುವ ನಮಗೆ ಬಿಸಿಲಿನಲ್ಲಿ ಅದು ರೊಟ್ಟಿಯ ಹಂಚು. ಅಲ್ಲಿಗೆ ಹೋದ ಚೆಂಡು ಜಾರಿ ನೇರವಾಗಿ ಪಕ್ಕದೂರು ಭಂಕೂರಿನ ದಾರಿ ಹಿಡಿಯುತ್ತದೆ. ಹಾಗಾಗಿ ಯಾರೂ ಆ ಕಡೆಗೆ ಚೆಂಡು ಕೊಡುವುದಿಲ್ಲ.

ಲೆಕ್ಕ ಇಡುವ ಚಟ ನನ್ನದು. ಹನ್ನೆರಡನೆಯವನಾಗಿ ಹೊರಗೆ ಕೂರುವವನಿಗೆ ಬೇರೆ ಕೆಲಸವಾದರೂ ಏನು? ಶಾಲೆಗೆ ರಜೆಯಿರುವ ಪ್ರತಿ ಶುಕ್ರವಾರದ ಆಟದಲ್ಲಿ, ಯಾವ ಜಾಗದವರಿಗೆ ಎಷ್ಟು ಚೆಂಡು ಸಿಕ್ಕಿತೆಂದು ಗೀಟು ಹಾಕುತ್ತಿದ್ದೆ. ಒಂದು ಆಟದಲ್ಲಿ ನಡುವಿನ ಫಾರ್ವರ್ಡ್‌ಗೆ ಇಪ್ಪತ್ತೆರಡು, ಕಾಕಾಗೆ ಮೂರು!

"ಅಷ್ಟಕ್ಕ ನಿಂದ್ರಬ್ಯಾಡೋ," ಎಂದರು ಕಾಕಾ. "ಎಷ್ಟು ಸಿಕ್ತು ಅನ್ನೂದಲ್ಲ, ಸಿಕ್ಕಿದ್ದು ಏನಾತು ಅನ್ನೂದು ಬರಿ."

ಬರೆದೆ. ಇಪ್ಪತ್ತೆರಡರಲ್ಲಿ ಗೋಲು ಒಂದು. ಮೂರರಲ್ಲೂ ಒಂದು! ಅಂದಿನಿಂದ ಕಾಕಾ ನೆಲದ ಮೇಲೆ ನಡೆಯಲಿಲ್ಲ. ಮೊದಲಿನಿಂದ ಬೇಡುತ್ತಿದ್ದ ನಡುವಿನ ಜಾಗಕ್ಕಾಗಿ ಈಗ ಈ ಲೆಕ್ಕ ಹಿಡಿದು ಕ್ಯಾಪ್ಟನ್‌ನ ಬೆನ್ನು ಹತ್ತಿದರು. ಚಿತ್ತಾಪುರದ ಮದುವೆಯೊಂದರಲ್ಲಿ ಊಟದ ಪಂಕ್ತಿಗೂ ಅದೇ ಲೆಕ್ಕ ಹಚ್ಚಿದರು. "ಮೊದಲನೇವಗ ಬಡಸಾಂವ ಕೈ ಬಿಗಿ ಹಿಡೀತಾನ, ಕಡೀಯವಗ ಬುಟ್ಟಿ ಖಾಲಿ. ನಡುವ ಕುಂದ್ರಬೇಕು." ಕುಳಿತರು. ಅಂದು ಬಡಿಸುವವರು ಇಬ್ಬರು. ಎರಡೂ ತುದಿಯಿಂದ ಬಂದರು. ನಡುವೆ ತಲುಪುವಷ್ಟರಲ್ಲಿ ಹೋಳಿಗೆ ಮುಗಿದಿತ್ತು!

ವಾಡಿ ಊರಿನವರ ಮೇಲೆ ಆಡುವ ದಿನ, ಆಟಕ್ಕೆ ಮೊದಲೇ, ನಮ್ಮ ನಡುವಿನ ಫಾರ್ವರ್ಡ್‌ನ ಕಾಲು ಉಳುಕಿತು. ಕ್ಯಾಪ್ಟನ್ ಕಾಕಾನ ಮುಂದೆ ಕೈ ಮುಗಿದ.

"ಮಾಸ್ತರ, ನಿಮ್ಮ ಹಿಸಾಬಿನ ಮುಂದ ಸೋತೆ ನಾ. ಇವತ್ತು ನಡುವ ನೀವೇ ಬರ್ರಿ. ಎಡಕ್ಕ ನಿಮ್ಮ ಅಣ್ಣನ ಮಗನ್ನ ಹಾಕ್ತೀನಿ."

ಕಾಕಾ ವರ್ಷಗಟ್ಟಲೆ ಬೇಡಿದ ಜಾಗ! ನನಗೂ ಕೊನೆಗೆ ಆಡುವ ಭಾಗ್ಯ! ಕುಣಿಯುವುದೊಂದೇ ಬಾಕಿ.

ಕಾಕಾ ನನ್ನ ಕಾಲು ನೋಡಿದರು. ಆಮೇಲೆ ಫರಸಿ ನೋಡಿದರು.

"ಬ್ಯಾಡ್ರಿ."

"ಯಾಕ್ರೀ? ದಿನಾ ಇದಕ್ಕೇ ನನ್ನ ತಲಿ ತಿಂತಿದ್ರಲ್ಲ?"

"ತಿಂತಿದ್ದೆ ಖರೆ. ನನ್ನ ಅಂಗಾಲು ಎಮ್ಮಿ ತೊಗಲಾಗ್ಯಾವ. ಇವನವು ಇನ್ನಾ ಕೂಸಿನ ಪಾದ, ಆ ಕಲ್ಲಿನ ಮ್ಯಾಲ ಬೊಬ್ಬಿ ಬರ್ತಾವ. ಇವನ್ನೇ ನಡುವ ನಿಂದ್ರಸ್ರಿ."

ಇಷ್ಟು ಹೇಳಿ, ಕಚ್ಚೆ ಬಿಗಿದು ಎಡಕ್ಕೆ ಹೊರಟೇ ಬಿಟ್ಟರು.

ಸೀಟಿ ಮೊಳಗಿತು. ಸ್ವಲ್ಪ ಹೊತ್ತಿನಲ್ಲೇ ಚೆಂಡು ನನ್ನ ಕಾಲಿಗೆ ಬಂತು. "ಹೊಡಿ, ಗೋಲಿಗೆ ಹೊಡಿ!" ಎಂದು ಊರೇ ಅರಚಿತು. ನಾನು ಗೋಲಿನ ಕಡೆ ನೋಡಲೇ ಇಲ್ಲ. ಆ ಕಾದ ಕಲ್ಲಿನ ಮೇಲೆ ಒಂದು ಕಾಲು ಇಟ್ಟು ಒಂದು ಕಾಲು ಎತ್ತುತ್ತ ನಿಂತಿದ್ದ ನಮ್ಮ ಕಾಕಾನ ಕಡೆಗೆ, ಮೆಲ್ಲಗೆ, ಜಾರದ ಹಾಗೆ, ಚೆಂಡು ಕಳಿಸಿದೆ.