ಕೇಳಿ ಹೊಡೆಯುವ ಸೈರನ್

ನಿರಂಜನ ಹೆಣ್ಣು ನೋಡಲು ಹೋದಾಗಲೆಲ್ಲ ಅವನ ಫೋನ್ ಬಡಿದುಕೊಳ್ಳುತ್ತಿತ್ತು. ಭದ್ರಾವತಿಯ ಪೈಪ್ ಕಾರ್ಖಾನೆಯ ಸೈರನ್ ಹೊಡೆಯುವುದು ಅವನು ಬರೆದ ಪ್ರೋಗ್ರಾಮಿನಿಂದ. ಅಲ್ಲಿ ಸೈರನ್ ನೋಡಿಕೊಳ್ಳುವ ರಸೂಲ್ ಸಾಬರು ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಬೇಕು. ಒಂದಕ್ಷರ ತಪ್ಪಿದರೂ "ಇಂಥ ಕಮಾಂಡ್ ಇಲ್ಲ" ಎಂದು ಅದು ಮುಖ ತಿರುಗಿಸುತ್ತಿತ್ತು. ಸಾಬರು ತಕ್ಷಣ ಫೋನ್ ಮಾಡುತ್ತಿದ್ದರು. ಈ ಗಲಾಟೆಯಲ್ಲಿ ಎರಡು ಸಂಬಂಧ ಕೈತಪ್ಪಿದ್ದವು.

ಇವತ್ತು ಸಂಜೆ ಗೋಪಾಳದಲ್ಲಿ ಶ್ರೀಗೌರಿಯನ್ನು ನೋಡುವುದಿತ್ತು. ಫೋಟೋದಲ್ಲೇ ಮನಸೋತಿದ್ದ ನಿರಂಜನ ಬೆಳಗ್ಗೆಯೇ ಸವಳಂಗ ರಸ್ತೆಯ ಆಫೀಸಿಗೆ ಬಂದು ಕೂತ.

"ತಪ್ಪು ಟೈಪ್ ಮಾಡಿದ್ರೆ, ಹತ್ತಿರದ ಕಮಾಂಡ್ ಅದೇ ಹುಡುಕಿ 'ಇದೇನಾ' ಅಂತ ಕೇಳೋ ಹಾಗೆ ಮಾಡ್ತೀನಿ," ಎಂದ.

ಪಕ್ಕದ ಕುರ್ಚಿಯ ಶಾಮಲಾ ಸುಮ್ಮನಿರುತ್ತಾಳೆಯೇ? "ಕೇಳೋದೆಂತ ಮಾರಾಯ? ನಮ್ಮತ್ತೆ ಕೇಳಿ ಬಡಿಸ್ತಾರಾ? ತಟ್ಟೆ ನೋಡಿ ಹಾಕೋದೇ!"

ನಿರಂಜನ ಹಾಗೇ, ಕೇಳದೆ ಹತ್ತಿರದ ಕಮಾಂಡನ್ನು ತಾನೇ ನಡೆಸುವಂತೆ ಮಾಡಿದ.

ಹನ್ನೊಂದಕ್ಕೆ ಸಾಬರು, ಸೈರನ್ ಸರಿಯಿದೆಯೇ ಎಂದು ವಿಚಾರಿಸುವ ಕಮಾಂಡನ್ನು ಅರ್ಧಕ್ಕೇ ಬಿಟ್ಟು ಎಂಟರ್ ಒತ್ತಿದರು. ಪ್ರೋಗ್ರಾಮಿಗೆ ಹತ್ತಿರ ಕಂಡದ್ದು ಸೈರನ್ ಹೊಡೆಯುವ ಕಮಾಂಡ್. ಹೊಡೆದೇಬಿಟ್ಟಿತು. ಊಟದ ಹೊತ್ತಾಯಿತೆಂದು ಇಡೀ ಕಾರ್ಖಾನೆ ಕ್ಯಾಂಟೀನಿಗೆ ನುಗ್ಗಿತು. ಅಲ್ಲಿ ಅಕ್ಕಿ ಇನ್ನೂ ನೀರಿನಲ್ಲಿತ್ತು.

"ನಿರಂಜನ್ ಸಾರ್, ಅಡುಗೆಯವರು ಸೌಟು ಹಿಡ್ಕೊಂಡು ನನ್ನೇ ಹುಡುಕ್ತಾ ಅವ್ರೆ!" ಎಂದು ಸಾಬರ ಫೋನ್ ಬಂತು.

ನಿರಂಜನ ಊಟ ಬಿಟ್ಟು ಕೂತು, ಕೇಳದೆ ಏನೂ ಮಾಡದಂತೆ ಪ್ರೋಗ್ರಾಮನ್ನು ತಿದ್ದಿದ. ಈಗ ತಪ್ಪಾದರೆ ಪರದೆಯ ಮೇಲೆ ವಿನಯದಿಂದ, "ನೀವು ಹೇಳಿದ್ದು ಇದೇನಾ? ಹೌದು ಅಥವಾ ಇಲ್ಲ ಎನ್ನಿ" ಎಂದು ಬರುತ್ತಿತ್ತು. ಮೂರಾಯಿತು, ನಾಲ್ಕಾಯಿತು, ಫೋನ್ ಕಮಕ್ ಕಿಮಕ್ ಎನ್ನಲಿಲ್ಲ. ಅವನಿಗೆ ಹೋದ ಜೀವ ಬಂದಂತಾಯಿತು.

ಗೋಪಾಳದಲ್ಲೂ ಎಲ್ಲ ಸಲೀಸು. ಕೇಸರಿಬಾತ್ ಚೆನ್ನಾಗಿತ್ತು, ಶ್ರೀಗೌರಿ ಇನ್ನೂ ಚೆನ್ನಾಗಿದ್ದಳು. ಅವಳ ತಂದೆ ವಿಷ್ಣುಪ್ರಸಾದರು, "ಏನಮ್ಮ, ನಿಂಗೆ ಒಪ್ಪಿಗೆನಾ?" ಎಂದರು. ಅವಳು ನಾಚಿ, ನಕ್ಕು, ಬಾಯಿ ತೆರೆದಳು.

ಫೋನ್ ಬಡಿದುಕೊಂಡಿತು.

"ಸಾರ್, ಶಿಫ್ಟ್ ಬಿಡೋ ಸೈರನ್ ಹೊಡೀಬೇಕು. ಮಿಷನ್ನು 'ಇದೇನಾ' ಅಂತ ಕೇಳ್ತಾ ಐತೆ."

"ಅದೇ ಆದ್ರೆ ಹೌದು ಅನ್ನಿ ಸಾಬ್ರೇ!"

"ಅದೇ ಸಾರ್. ಆದ್ರೂ ಬೆಳಿಗ್ಗೆ ಆಗಿದ್ದು ನೋಡಿದ್ರಲ್ಲ? ದೊಡ್ಡೋರನ್ನ ಒಂದ್ಮಾತು ಕೇಳ್ದೆ ಹೆಂಗೆ ಹೌದು ಅನ್ಲಿ? ಇನ್ಮೇಲೆ ಅದು ಕೇಳಿದಾಗೆಲ್ಲ ನಿಮಗೆ ಫೋನ್ ಮಾಡ್ತೀನಿ."

ಕಾರ್ಖಾನೆಯ ಸದ್ದಿನಲ್ಲಿ ಪಳಗಿದ ಆ ದನಿ ಹಾಲ್‌ಗೆಲ್ಲ ಕೇಳಿಸಿತು. ವಿಷ್ಣುಪ್ರಸಾದರು ತಲೆದೂಗಿದರು.

"ಎಂಥ ತೂಕದ ಮಾತು! ಗೌರಿ, ನೀನೂ ಅವಸರ ಮಾಡ್ಬೇಡ. ದೊಡ್ಡಮ್ಮನ್ನ ಒಂದ್ಮಾತು ಕೇಳಿ ಆಮೇಲೆ ಹೌದು ಅನ್ನು."

ಶ್ರೀಗೌರಿ ತೆರೆದ ಬಾಯಿ ಮುಚ್ಚಿದಳು. ಸದ್ಯ, ಇಲ್ಲ ಅನ್ನಲಿಲ್ಲವಲ್ಲ ಎಂದು ನಿರಂಜನ ಸಮಾಧಾನದ ಉಸಿರು ಬಿಟ್ಟ. ಅಷ್ಟರಲ್ಲಿ ಫೋನ್ ಮತ್ತೆ ಬಡಿದುಕೊಂಡಿತು.