ಜಪಾನ್ ಬಟ್ಟಲಿನ ಮುದ್ದೆ

ಆ ಬಟ್ಟಲಿನಲ್ಲಿ ಜಪಾನಿನವರು ಏನು ತಿನ್ನುತ್ತಿದ್ದರು ಎಂಬ ಪ್ರಶ್ನೆ ಶಿವರಾಮುವಿನ ತಲೆಯನ್ನು ಐದು ವರ್ಷದಿಂದ ಕೊರೆಯುತ್ತಿತ್ತು. ಗುಂಡ್ಲುಪೇಟೆಯಿಂದ ದಿನಾ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಬಂದು, ಅಲ್ಲಿನ ಪುಟ್ಟ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆ ಕಾಯುತ್ತ ಕೂರುವುದು ಅವನ ಕೆಲಸ. ಪೆಟ್ಟಿಗೆಯೊಳಗೆ ಸೊಟ್ಟ ಅಂಚಿನ, ಮೈಯೆಲ್ಲ ಗೆರೆಗೆರೆ ಬಿಟ್ಟ, ಕಲ್ಲಿನಷ್ಟು ಗಟ್ಟಿಯಾಗಿ ಸುಟ್ಟ ಮಣ್ಣಿನ ಬಟ್ಟಲು. ‘ಜಪಾನ್, ಮುನ್ನೂರು ವರ್ಷ ಹಳೆಯದು’ ಎಂದು ಚೀಟಿ. ವಿದೇಶದ ವಸ್ತು ಇದೆ ಎಂಬ ಒಂದೇ ಕಾರಣಕ್ಕೆ ಅಲ್ಲಿಗೆ ಕಾವಲುಗಾರನ ಹುದ್ದೆ ಮಂಜೂರಾಗಿತ್ತು. ದಿನಗೂಲಿಯ ಶಿವರಾಮುವನ್ನು ಅದರಲ್ಲಿ ಖಾಯಂ ಮಾಡುವ ಆದೇಶ, ಚಾಮರಾಜನಗರ ಜಿಲ್ಲೆಯಾದ ಮರುವರ್ಷ ಅಂತೂ ಸಿದ್ಧವಾಗಿ, ಇಲಾಖೆಯ ಸಾಹೇಬರ ಸಹಿಗೆ ಕಾದಿತ್ತು.

“ಗಂಜಿ ಕುಡೀತಿದ್ರು ಕಣ್ಲಾ,” ಎಂದರು ಅವತ್ತು ಹರಟೆಗೆ ಬಂದಿದ್ದ ಪಕ್ಕದ ಜೆರಾಕ್ಸ್ ಅಂಗಡಿಯ ಗಂಗಾಧರಸ್ವಾಮಿ. ಅವರ ಅಂಗಡಿಗೆ ಗಿರಾಕಿಗಳು ಕಡಿಮೆ, ಬಾಯಿಗೆ ಕೆಲಸ ಜಾಸ್ತಿ.

“ಗಂಜಿಗ್ಯಾಕ್ ಸ್ವಾಮಿ ಇಷ್ಟು ದಪ್ಪದ್ದು? ಮುದ್ದೆ ಅಳತೆ ಕನ ಇದು.”

“ಇದ್ರೊಳ್ಗೆ ಮುದ್ದೆ ಕೂತ್ರೆ ನನ್ನ ಮೀಸೆ ಬೋಳಿಸ್ಬುಡ್ತೀನಿ, ಓಗು!”

ಹಿಂದಿನ ಕೋಣೆಯಲ್ಲೇ ಒಲೆ ಹೂಡಿಕೊಂಡಿದ್ದ ಕಸ ಗುಡಿಸುವ ಚಿಕ್ಕಮಾದಮ್ಮ ಆಗಷ್ಟೇ ಮುದ್ದೆ ಕಟ್ಟುತ್ತಿದ್ದಳು. “ಬಾಯಲ್ಲಿ ಯಾಕಾಡೀರಿ, ಇಕ್ಕಿ ನೋಡನ ಬುಡಿ,” ಎಂದು ಬಿಸಿ ಮುದ್ದೆಯೊಂದನ್ನು ತಂದೇಬಿಟ್ಟಳು. ಶಿವರಾಮು ಬೀಗ ತೆಗೆದ. ಮುದ್ದೆ ಬಟ್ಟಲಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಐದು ವರ್ಷದ ಕುತೂಹಲ ತೀರಿ ಅವನಿಗೆ ಕಣ್ಣಲ್ಲಿ ನೀರೇ ಬಂತು. ಸ್ವಾಮಿಯವರು ಮೀಸೆ ಮುಟ್ಟಿಕೊಂಡರು.

ಅಷ್ಟರಲ್ಲಿ ಸ್ವಾಮಿಯವರ ಅಂಗಡಿಯ ಫೋನು ಬಡಿದುಕೊಂಡಿತು. ಲೈನಿನಲ್ಲಿ ಬರೀ ಗೊರಗೊರ. ಹತ್ತು ನಿಮಿಷ ಹಲೋ ಹಲೋ ಎಂದು ಅರಚಿದ ಮೇಲೆ ವಿಷಯ ತಿಳಿಯಿತು. ಸಾಹೇಬರು ಗುಂಡ್ಲುಪೇಟೆ ಬಿಟ್ಟಿದ್ದಾರೆ, ಬಟ್ಟಲು ನೋಡಲು ಮೈಸೂರಿನ ತಜ್ಞ ಮೃತ್ಯುಂಜಯ ಅವರೂ ಜೀಪಿನಲ್ಲಿದ್ದಾರೆ!

ಓಡಿ ಬಂದು ನೋಡಿದರೆ, ಫ್ಯಾನಿನ ಗಾಳಿಗೆ ಮುದ್ದೆ ಒಣಗಿ ಕಚ್ಚಿಕೊಂಡಿತ್ತು. ಬೋರಲು ಹಾಕಿದರು, ಬೀಳಲಿಲ್ಲ. ಸ್ವಾಮಿಯವರು ಬಟ್ಟಲಿನ ಬೆನ್ನು ತಟ್ಟಿದರು, ಶಿವರಾಮುವಿನ ಜೀವ ಬಾಯಿಗೆ ಬಂತು. ಕೊನೆಗೆ ಚಿಕ್ಕಮಾದಮ್ಮ ನೀರಲ್ಲಿ ನೆನೆಹಾಕಿ, ತೆಂಗಿನ ನಾರಿನಲ್ಲಿ ಉಜ್ಜಿ, ತಲೆಯ ಪಿನ್ನು ಕಿತ್ತು ಗೆರೆಗೆರೆಯನ್ನೂ ಕೆರೆದಳು. “ಇನ್ನ ಒಂದ್ ಚೂರೂ ಇಲ್ಲ ಕಣಪ್ಪ,” ಎಂದು ಸೆರಗಿನಲ್ಲಿ ಒರೆಸಿ ಕೊಡುವುದಕ್ಕೂ ಬಾಗಿಲಲ್ಲಿ ಜೀಪು ನಿಲ್ಲುವುದಕ್ಕೂ ಸರಿಹೋಯಿತು.

ಸಾಹೇಬರು ಕುರ್ಚಿಯಲ್ಲಿ ಕೂತು ಆದೇಶದ ಕಡತ ಬಿಚ್ಚಿ ಪೆನ್ನಿನ ಕ್ಯಾಪು ತೆಗೆದರು. ಶಿವರಾಮು ಕೈಕಟ್ಟಿ ನಿಂತ. ಮೃತ್ಯುಂಜಯ ಬಟ್ಟಲಿಗೆ ಭೂತಗನ್ನಡಿ ಹಿಡಿದು, ಸೂಜಿ ತೂರಿಸಿ, ಒಂದು ಗೆರೆಯಿಂದ ಏನನ್ನೋ ಮೀಟಿ ಅಂಗೈಗೆ ಹಾಕಿಕೊಂಡರು.

“ರಾಗಿ!” ಎಂದು ಕೂಗಿದರು.

ಶಿವರಾಮು ಚಿಕ್ಕಮಾದಮ್ಮನ ತಲೆಯ ಪಿನ್ನಿನ ಕಡೆ ನೋಡಿದ.

“ಸಾರ್, ನನಗೆ ಮೊದಲಿಂದಲೂ ಅನುಮಾನವಿತ್ತು,” ತಜ್ಞರ ಮುಖ ಅರಳಿತ್ತು. “ಮುನ್ನೂರು ವರ್ಷದ ಹಿಂದೆ ಜಪಾನಿನವರು ಮುದ್ದೆ ಎಲ್ಲಿ ತಿಂದರು? ಇದು ಜಪಾನಿನದ್ದಲ್ಲ, ನಮ್ಮ ಸೀಮೆಯದೇ ಬಟ್ಟಲು! ಎಷ್ಟು ತಲೆಮಾರು ಇದರಲ್ಲಿ ಉಂಡಿದ್ದಾರೋ, ರಾಗಿ ಗೆರೆಯೊಳಗೇ ಇಳಿದುಬಿಟ್ಟಿದೆ.”

ಸಾಹೇಬರು ಪೆನ್ನಿನ ಕ್ಯಾಪು ಮುಚ್ಚಿದರು. “ಹಾಗಾದ್ರೆ ವಿದೇಶಿ ವಸ್ತುವಿನ ಕಾವಲು ಹುದ್ದೆ ರದ್ದು. ನಮ್ಮೂರಿನ ಬಟ್ಟಲಿಗೆ ಕಾವಲು ಯಾಕ್ರೀ?”

“ಸಾ, ಆ ರಾಗಿ...” ಎಂದು ಶಿವರಾಮು ಎರಡು ಹೆಜ್ಜೆ ಮುಂದೆ ಬಂದ. ಸ್ವಾಮಿಯವರು ಕಣ್ಣು ಬಿಟ್ಟರು. ಚಿಕ್ಕಮಾದಮ್ಮ ಸೆರಗು ಬಾಯಿಗೆ ಹಿಡಿದಳು. ನಿಜ ಹೇಳಿದರೆ ಇವತ್ತೇ ಪೊಲೀಸು, ಹೇಳದಿದ್ದರೆ ಕೆಲಸ ಹೋಯಿತು.

“ಏನಯ್ಯ, ಆ ರಾಗಿ?” ಎಂದರು ಸಾಹೇಬರು.

ಶಿವರಾಮು ಮುಂದಿಟ್ಟ ಎರಡು ಹೆಜ್ಜೆಯನ್ನೂ ಹಿಂದಿಟ್ಟ.

“ಬೋ ಹಳೇ ರಾಗಿ, ಸಾ.”